ಬೆಕ್ಕು ಪರಚಿದ್ದು ನೆನಪಿದೆಯೆ?

ನಾಯಿಯನ್ನು ನಾವು ಸಾಕುತ್ತೇವೆ. ಬೆಕ್ಕಾದರೋ ತಾನಾಗಿಯೇ ಬಂದು ನಮ್ಮ ಮನೆಯನ್ನು ಆರಿಸಿಕೊಳ್ಳುತ್ತದೆ. ಹಿತ್ತಿಲ ಗೋಡೆಯಿಂದ ಇಳಿದು, ಅಡುಗೆಮನೆಯ ಹೊಸ್ತಿಲಲ್ಲಿ ಎರಡು ದಿನ ಕುಳಿತು, ಮೂರನೆಯ ದಿನ ಮನೆಮಂದಿಯಲ್ಲಿ ತಾನೂ ಒಂದಾಗಿಬಿಡುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಂತೂ ಅದಕ್ಕೆ ಉದ್ಯೋಗವೂ ಉಂಟು. ಅದು ರೇಷ್ಮೆಯ ಸೀಮೆ. ಹುಳು ಸಾಕುವ ಮನೆಗೆ ಇಲಿ ನುಗ್ಗಿತೆಂದರೆ ತಟ್ಟೆಯಲ್ಲಿನ ಹುಳುವಿಗೂ ಉಳಿವಿಲ್ಲ, ಚಂದ್ರಿಕೆಯ ಮೇಲಣ ಗೂಡಿಗೂ ಉಳಿವಿಲ್ಲ. ಆದಕಾರಣ ಅಲ್ಲಿ ಬೆಕ್ಕೆಂದರೆ ಬರಿಯ ಮುದ್ದಿನ ಪ್ರಾಣಿಯಲ್ಲ, ಸಂಬಳವಿಲ್ಲದ ಕಾವಲುಗಾರ.

ಅಂಥ ಮನೆಯಲ್ಲಿ ಬೆಕ್ಕು ಮರಿ ಹಾಕಿದರೆ ಮಕ್ಕಳಿಗೆ ಹಬ್ಬ. ಮರಿಯನ್ನು ಎತ್ತುವುದು, ಬಾಲ ಹಿಡಿಯುವುದು, ದಾರದ ಉಂಡೆ ಉರುಳಿಸಿ ಆಡಿಸುವುದು. ಆಟದಲ್ಲಿ ಮರಿಯ ಉಗುರು ಮುಂಗೈಗೆ ತಗುಲಿ ಒಂದು ಕೆಂಪು ಗೀರು ಮೂಡುತ್ತದೆ. ಮಗು ಅಳುತ್ತದೆ, ಅಜ್ಜಿ ಅರಿಸಿನ ಹಚ್ಚಿ, ಮರಿಯನ್ನು ಗದರಿಸುತ್ತಾರೆ. ಸಂಜೆಗೆ ಮಗುವೂ ಮರಿಯೂ ಮತ್ತೆ ಸ್ನೇಹಿತರು. ಅಲ್ಲಿಗೆ ಪ್ರಕರಣ ಮುಗಿಯಿತೆಂದು ಎಲ್ಲರ ಎಣಿಕೆ. ಅದು ಅಷ್ಟು ಬೇಗ ಮುಗಿಯಬಾರದು, ಆ ಗೀರಿನ ನೆನಪು ಮನೆಯಲ್ಲಿ ಎರಡು ತಿಂಗಳಾದರೂ ಉಳಿದಿರಬೇಕು ಎಂಬುದೇ ಈ ವಾರದ ಮಾತು.

ಮೊದಲ ದಿನದ ಕೆಲಸ

ಬೆಕ್ಕಿನ ಗೀರಿನಿಂದ ಬರಬಹುದಾದ ಕೇಡುಗಳಲ್ಲಿ ಅತಿ ಭಯಂಕರವಾದುದು ರೇಬಿಸ್. ಇದನ್ನು ಹುಚ್ಚುನಾಯಿ ರೋಗವೆಂದು ಕರೆದು ನಾವೇ ಮೋಸಹೋಗಿದ್ದೇವೆ. ಅದು ನಾಯಿಯ ಸ್ವತ್ತಲ್ಲ. ರೋಗ ತಗುಲಿದ ಬೆಕ್ಕೂ ಅದನ್ನು ಕೊಡಬಲ್ಲುದು. ರೋಗಲಕ್ಷಣ ತೋರಿದ ಮೇಲೆ ಅದರಿಂದ ಬದುಕಿಸುವ ಚಿಕಿತ್ಸೆ ವೈದ್ಯರ ಕೈಯಲ್ಲಿಲ್ಲ. ಲಕ್ಷಣ ತೋರುವ ಮುನ್ನ ತಡೆಯುವ ಉಪಾಯ ಮಾತ್ರ ಪೂರ್ಣವಾಗಿ ಕೈಯಲ್ಲಿದೆ. ಗೀರು ಬಿದ್ದೊಡನೆ ಸೋಪು ಹಾಕಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನ ಪುಡಿ, ಕಾಫಿಪುಡಿ, ಅರಿಸಿನ ಯಾವುದೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಆರಂಭಿಸಬೇಕು. ರಕ್ತ ಬಾರದ ಸಣ್ಣ ಗೀರಿಗೂ ಲಸಿಕೆ ಬೇಕು. ರಕ್ತ ಬಂದ ಗೀರಾದರೆ, ಅಥವಾ ಕಚ್ಚಿದ್ದಾದರೆ, ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಪ್ರತಿರಕ್ಷಕ ದ್ರವವೂ ಬೇಕು.

ಹಿರಿಯರು ಇನ್ನೂ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯ ಕಥೆ ಹೇಳಿ ಹೆದರಿಸುವುದುಂಟು. ಅದು ಸುಳ್ಳಲ್ಲ, ಆದರೆ ಹಳೆಯದು. ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1907ರಲ್ಲಿ, ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ದಕ್ಷಿಣ ಭಾರತದ ಜನರಿಗೆ ಈ ರೋಗದಿಂದ ರಕ್ಷಣೆ ಕೊಡುವುದೇ ಅದರ ಉದ್ದೇಶ. ಆಗಿನ ಕಾಲದಲ್ಲಿ ನಮ್ಮ ದೇಶದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಲಸಿಕೆಯನ್ನು ಕುರಿಯ ಮಿದುಳಿನಿಂದ ಮಾಡುತ್ತಿದ್ದರು. ದಿನಕ್ಕೊಂದರಂತೆ ಹೊಟ್ಟೆಗೆ ಚುಚ್ಚಬೇಕಾಗಿತ್ತು. ಅಪರೂಪಕ್ಕೆ ಅದರಿಂದಲೇ ನರಗಳಿಗೆ ಬಾಧೆ ತಟ್ಟುತ್ತಿದ್ದುದೂ ಉಂಟು. 2005ರ ವೇಳೆಗೆ ಭಾರತದಲ್ಲಿ ಅದರ ಬಳಕೆ ನಿಂತಿತು. ಈಗಿನದು ತೋಳಿಗೆ ಕೊಡುವ ಸಣ್ಣ ಚುಚ್ಚುಮದ್ದು. ಚರ್ಮದೊಳಗೆ ಕೊಡುವ ಕ್ರಮದಲ್ಲಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ, ಹೀಗೆ ನಾಲ್ಕು ಸಲ ಹೋಗಿಬಂದರೆ ಮುಗಿಯಿತು. ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ಮಾತ್ರ ಎಸೆಯಬಾರದು. ಏಕೆಂಬುದು ಮುಂದೆ ತಿಳಿಯುತ್ತದೆ.

ಎರಡನೆಯ ರೋಗ

ಲಸಿಕೆಯೇನೋ ಆಯಿತು. ಆದರೆ ಬೆಕ್ಕಿನ ಉಗುರಿನಲ್ಲಿ ಇನ್ನೊಂದು ರೋಗವೂ ಅಡಗಿರಬಹುದು. ಇದು ರೇಬಿಸ್‌ನಂತೆ ಕ್ರೂರಿಯಲ್ಲ. ನಮ್ಮಲ್ಲಿ ಇದರ ಹೆಸರು ಕೇಳಿದವರೂ ಕಡಿಮೆ. ವೈದ್ಯರು ಇದನ್ನು 'ಬೆಕ್ಕು ಪರಚಿದ ರೋಗ' ಎಂದೇ ಕರೆಯುತ್ತಾರೆ. 1889ರಷ್ಟು ಹಿಂದೆಯೇ ಪ್ಯಾರಿಸಿನ ನೇತ್ರವೈದ್ಯ ಪರಿನೋ, ಕಣ್ಣು ಕೆಂಪಾಗಿ ಕಿವಿಯ ಬಳಿ ಗಂಟು ಮೂಡುವ ಒಂದು ರೋಗವನ್ನು ವರ್ಣಿಸಿದ್ದನು. ಅದು ಈ ರೋಗದ್ದೇ ಒಂದು ರೂಪವೆಂದು ಬಹುಕಾಲದ ತರುವಾಯ ತಿಳಿಯಿತು. 1950ರಲ್ಲಿ ಅದೇ ನಗರದ ಮಕ್ಕಳ ವೈದ್ಯ ರೊಬೇರ್ ದೆಬ್ರೆ ಇದನ್ನು ಬೆಕ್ಕಿನ ಗೀರಿಗೆ ಸಂಬಂಧಿಸಿದ ಪ್ರತ್ಯೇಕ ರೋಗವೆಂದು ಪ್ರಕಟಿಸಿದನು. ಆದರೆ ಕಾರಣವಾದ ಸೂಕ್ಷ್ಮಾಣು ಸಿಕ್ಕಿರಲಿಲ್ಲ. 1983ರಲ್ಲಿ ಅಮೆರಿಕದ ವಿಜ್ಞಾನಿಗಳು ರೋಗಿಗಳ ಗಂಟಿನೊಳಗೆ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. 1990ರ ದಶಕದಲ್ಲಿ ಅದರ ಗುರುತು ಖಚಿತವಾಯಿತು. ಇಂದು ಅದರ ಹೆಸರು ಬಾರ್ಟೊನೆಲ್ಲಾ ಹೆನ್ಸೆಲೆ.

ಈ ಸೂಕ್ಷ್ಮಾಣುವನ್ನು ಬೆಕ್ಕಿನಿಂದ ಬೆಕ್ಕಿಗೆ ಸಾಗಿಸುವುದು ಚಿಗಟ. ಚಿಗಟದ ಹಿಕ್ಕೆ ಬೆಕ್ಕಿನ ರೋಮದಲ್ಲಿ ಬಿದ್ದು, ಬೆಕ್ಕು ಮೈ ಕೆರೆದುಕೊಳ್ಳುವಾಗ ಉಗುರಿನ ಸಂದಿಗೆ ಸೇರುತ್ತದೆ. ಆ ಉಗುರು ಮಗುವಿನ ಚರ್ಮವನ್ನು ಸೀಳಿದಾಗ ಸೂಕ್ಷ್ಮಾಣು ಒಳಗೆ ಹೋಗುತ್ತದೆ. ಬೆಕ್ಕಿಗೆ ಸಾಮಾನ್ಯವಾಗಿ ಇದರಿಂದ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ರಕ್ತದಲ್ಲಿ ಹೊತ್ತುಕೊಂಡು ಆರೋಗ್ಯವಾಗಿಯೇ ಓಡಾಡುತ್ತಿರುತ್ತದೆ. ದೊಡ್ಡ ಬೆಕ್ಕಿಗಿಂತ ಒಂದು ವರ್ಷ ತುಂಬದ ಮರಿಗಳಲ್ಲಿಯೇ ಇದು ಹೆಚ್ಚು. ಬೆಚ್ಚನೆಯ ಹವೆಯಲ್ಲಿ ಚಿಗಟ ಹೆಚ್ಚುವುದರಿಂದ ಅಂಥ ನಾಡುಗಳಲ್ಲಿ ಈ ಸೂಕ್ಷ್ಮಾಣುವೂ ಹೆಚ್ಚು. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ.

ಹೆಚ್ಚಿನ ಮಕ್ಕಳಲ್ಲಿ ರೋಗ ಸೌಮ್ಯವಾದುದು. ಗೀರು ಬಿದ್ದ ಒಂದು ವಾರದ ಸುಮಾರಿಗೆ ಅಲ್ಲಿಯೇ ಒಂದು ಸಣ್ಣ ಗುಳ್ಳೆ. ಅದಾದ ಒಂದೆರಡು ವಾರಗಳಲ್ಲಿ ಹತ್ತಿರದ ದುಗ್ಧಗ್ರಂಥಿ ಊದಿಕೊಳ್ಳುತ್ತದೆ: ಕೈಗೆ ಗೀರಿದ್ದರೆ ಕಂಕುಳಲ್ಲಿ, ಮುಖಕ್ಕೆ ಗೀರಿದ್ದರೆ ಕೊರಳಲ್ಲಿ, ಕಾಲಿಗಾದರೆ ತೊಡೆಸಂದಿಯಲ್ಲಿ. ಸ್ವಲ್ಪ ಜ್ವರ, ಸ್ವಲ್ಪ ಆಯಾಸ. ಒಂದೆರಡು ತಿಂಗಳಲ್ಲಿ ಗಂಟು ತಾನಾಗಿಯೇ ಕರಗಿಹೋಗುತ್ತದೆ. ಅಗತ್ಯವೆಂದು ಕಂಡರೆ ವೈದ್ಯರು ಅಜಿತ್ರೊಮೈಸಿನ್ ಎಂಬ ಔಷಧವನ್ನು ಐದು ದಿನ ಕೊಡುವುದುಂಟು. ಇಲ್ಲಿಗೇ ನಿಂತರೆ ಈ ಅಂಕಣದಲ್ಲಿ ಇದಕ್ಕೆ ಇಷ್ಟು ಜಾಗ ಬೇಕಾಗಿರಲಿಲ್ಲ.

ಮಿದುಳಿಗೆ ತಟ್ಟಿದಾಗ

ನೂರರಲ್ಲಿ ಕೆಲವೇ ಮಕ್ಕಳಲ್ಲಿ ರೋಗ ಮಿದುಳನ್ನೂ ನರಗಳನ್ನೂ ಬಾಧಿಸುತ್ತದೆ. ಅದು ಹೇಗೆ ಬರುತ್ತದೆಂಬುದನ್ನು ತಿಳಿಯಲು ಒಂದು ಮನೆಯನ್ನು ಊಹಿಸಿಕೊಳ್ಳೋಣ. ಯಳಂದೂರಿನ ಬಳಿಯ ಒಂದು ಹಳ್ಳಿ. ಹುಳು ಸಾಕುವ ಮನೆ. ಎಂಟು ವರ್ಷದ ಹುಡುಗ. ಬೆಕ್ಕಿನ ಮರಿ ಪರಚಿ ಒಂದು ತಿಂಗಳಾಗಿದೆ, ಗೀರು ಮಾಸಿದೆ. ಕಂಕುಳಲ್ಲಿ ಒಂದು ಗಂಟು ಇದೆ, ಹುಡುಗ ಯಾರಿಗೂ ಹೇಳಿಲ್ಲ. ಒಂದು ಬೆಳಗ್ಗೆ ತಲೆನೋವೆಂದು ಶಾಲೆಗೆ ಹೋಗದೆ ಮಲಗಿದವನು ಇದ್ದಕ್ಕಿದ್ದಂತೆ ಕಣ್ಣು ಮೇಲೆ ಮಾಡಿ, ಹಲ್ಲು ಕಚ್ಚಿ, ಕೈಕಾಲು ಸೆಳೆಯತೊಡಗುತ್ತಾನೆ. ಸೆಳೆತ ನಿಂತ ಮೇಲೆ ತಾಯಿಯ ಗುರುತು ಹಿಡಿಯುವುದಿಲ್ಲ. ಹಿಡಿಯಲು ಹೋದವರನ್ನು ತಳ್ಳುತ್ತಾನೆ, ಕಚ್ಚುತ್ತಾನೆ, ಅರ್ಥವಿಲ್ಲದ ಮಾತನಾಡುತ್ತಾನೆ. ಮತ್ತೆ ಮಂಕಾಗಿ ಬೀಳುತ್ತಾನೆ. ಮೈ ಮುಟ್ಟಿದರೆ ಜ್ವರವೂ ಇಲ್ಲ.

ಇದು ಬರಿಯ ಕಲ್ಪನೆಯ ಚಿತ್ರವಲ್ಲ. 1991ರಲ್ಲಿ ಅಮೆರಿಕದ ಕ್ಯಾರಿದರ್ಸ್ ಮತ್ತು ಮಾರ್ಗಿಲೆತ್ ಎಂಬ ಇಬ್ಬರು ವೈದ್ಯರು ಈ ರೋಗದಿಂದ ನರಮಂಡಲಕ್ಕೆ ಬಾಧೆ ತಟ್ಟಿದ 76 ರೋಗಿಗಳ ವಿವರವನ್ನು ಪ್ರಕಟಿಸಿದರು. ಅವರಲ್ಲಿ 61 ಮಂದಿಗೆ ಮಿದುಳಿಗೇ ಬಾಧೆ ತಟ್ಟಿತ್ತು. ನೂರಕ್ಕೆ 46ರಷ್ಟು ಮಂದಿಗೆ ಸೆಳೆತ ಬಂದಿತ್ತು. ನೂರಕ್ಕೆ 40ರಷ್ಟು ಮಂದಿ ಮೈಮೇಲೆ ಬೀಳುವಂತೆ ಹೋರಾಡಿದ್ದರು. ಅರ್ಧದಷ್ಟು ಮಂದಿಗೆ ಜ್ವರವೇ ಇರಲಿಲ್ಲ. ಬೆನ್ನುಹುರಿಯ ನೀರಿನ ಪರೀಕ್ಷೆಯಿಂದ ಖಚಿತವಾಗಿ ಏನೂ ತಿಳಿಯುತ್ತಿರಲಿಲ್ಲ. ಹತ್ತು ಮಂದಿಗೆ ತೊಂದರೆ ಕಣ್ಣಿನ ನರದಲ್ಲಿ ಕಂಡಿತ್ತು. ಇಬ್ಬರಿಗೆ ಮುಖದ ನರ ಸೋತು ಬಾಯಿ ಒಂದು ಕಡೆಗೆ ವಾಲಿತ್ತು.

ಇನ್ನು ಇದೇ ವರದಿಯ ಬಹು ಮುಖ್ಯವಾದ ಮಾತು. ಆ ರೋಗಿಗಳೆಲ್ಲರೂ ಒಂದು ವರ್ಷದೊಳಗೆ ಗುಣಹೊಂದಿದರು. ನೂರಕ್ಕೆ 78ರಷ್ಟು ಮಂದಿ ಹನ್ನೆರಡು ವಾರಗಳೊಳಗಾಗಿಯೇ. ಬೇರೆಡೆಗಳಲ್ಲಿ ತೀರ ಅಪರೂಪವಾಗಿ ಕೆಲವರಿಗೆ ದೋಷ ಉಳಿದುದೂ ಉಂಟು. ಆದರೂ ನೋಡಲು ಇಷ್ಟು ಘೋರವಾಗಿ, ಮುಗಿಯುವಾಗ ಇಷ್ಟು ಸೌಮ್ಯವಾಗಿರುವ ಮಿದುಳಿನ ರೋಗಗಳು ಹೆಚ್ಚಿಲ್ಲ. ಸೆಳೆತವನ್ನು ಹತೋಟಿಗೆ ತಂದು, ಉಸಿರಾಟವನ್ನು ಕಾಪಾಡಿ, ಮಗುವನ್ನು ಆ ಕೆಲವು ದಿನಗಳ ಆಚೆಗೆ ದಾಟಿಸಿದರೆ ಮಿದುಳು ತಾನಾಗಿ ತಿಳಿಯಾಗುತ್ತದೆ. ದಾಟಿಸುವುದರಲ್ಲಿಯೇ ಎಲ್ಲವೂ ಇದೆ.

ನಾಲ್ಕು ತಪ್ಪು ಹೆಸರುಗಳು

ಆ ದಾಟುವ ಹೊತ್ತಿನಲ್ಲಿ ನಾಲ್ಕು ತಪ್ಪು ಹೆಸರುಗಳು ಅಡ್ಡ ಬರುತ್ತವೆ.

ಮೊದಲನೆಯದು 'ಗಾಳಿ'. ಕೊಳ್ಳೇಗಾಲವೆಂದೊಡನೆ ನಾಡಿನ ಜನಕ್ಕೆ ರೇಷ್ಮೆಯ ಜೊತೆಗೆ ಮಾಟ ಮಂತ್ರದ ನೆನಪೂ ಬರುತ್ತದೆ. ದೂರದೂರದ ಊರುಗಳಿಂದ, ನಗರಗಳಿಂದ, ಓದಿದವರೂ ಕಾರು ಮಾಡಿಕೊಂಡು ಅದಕ್ಕಾಗಿ ಅಲ್ಲಿಗೆ ಹೋಗುವುದುಂಟು. ಆದಕಾರಣ ಇದನ್ನು ಆ ಊರಿನ ತಪ್ಪೆಂದು ಎಣಿಸದೆ ನಮ್ಮೆಲ್ಲರ ದೌರ್ಬಲ್ಯವೆಂದೇ ಒಪ್ಪಿಕೊಳ್ಳಬೇಕು. ನಿನ್ನೆಯವರೆಗೆ ಆಡುತ್ತಿದ್ದ ಹುಡುಗ ಇಂದು ತಾಯಿಯನ್ನೇ ಕಚ್ಚಲು ಬಂದರೆ, ಜ್ವರವೂ ಇಲ್ಲದಿದ್ದರೆ, ಯಾರೋ ಮಾಡಿಸಿದ್ದಾರೆಂಬ ಮಾತು ಹುಟ್ಟುವುದು ಆಶ್ಚರ್ಯವಲ್ಲ. ದೇವರಿಗೆ ಹರಕೆ ಹೊತ್ತುಕೊಳ್ಳುವುದಕ್ಕೆ ಯಾವ ವೈದ್ಯನೂ ಅಡ್ಡಿಯಲ್ಲ. ಮಾದಪ್ಪನ ಬೆಟ್ಟಕ್ಕೆ ಗುಣವಾದ ಮೇಲೆ ಹೋಗಿಬರಬಹುದು. ಆದರೆ ದೆವ್ವ ಬಿಡಿಸುತ್ತೇನೆಂದು ಮಗುವನ್ನು ಹೊಡೆಯುವುದು, ಹೊಗೆ ಹಾಕುವುದು ಮಹಾಪಾಪ. 2017ರಲ್ಲಿ ಕರ್ನಾಟಕದ ವಿಧಾನಮಂಡಲ ಅಂಗೀಕರಿಸಿ 2020ರಲ್ಲಿ ಜಾರಿಗೆ ಬಂದ ವಾಮಾಚಾರ ನಿಷೇಧದ ಕಾನೂನಿನಂತೆ, ದೆವ್ವ ಬಿಡಿಸುವ ನೆಪದ ಹಿಂಸೆ ಅಪರಾಧವೂ ಹೌದು. ಎಲ್ಲಕ್ಕಿಂತ ಹೆಚ್ಚಾಗಿ, ಸೆಳೆತ ಐದು ನಿಮಿಷ ಮೀರಿತೆಂದರೆ ಪ್ರತಿ ನಿಮಿಷವೂ ಮಿದುಳಿಗೆ ನಷ್ಟ. ಮಂತ್ರವಾದಿಯ ಮನೆಯಲ್ಲಿ ಕಳೆದ ರಾತ್ರಿಯನ್ನು ಯಾರೂ ಹಿಂದಕ್ಕೆ ತಂದುಕೊಡಲಾರರು.

ಎರಡನೆಯದು 'ಅಪಸ್ಮಾರ'. ಒಮ್ಮೆ ಸೆಳೆತ ಬಂದ ಮಗುವಿಗೆಲ್ಲ ಮೂರ್ಛೆರೋಗವೆಂಬ ಹಣೆಪಟ್ಟಿ ಕಟ್ಟಿದರೆ ಶಾಲೆಯಲ್ಲಿ ಹಿಂದಿನ ಬೆಂಚು, ಆಟಕ್ಕೆ ನಿಷೇಧ. ಹೆಣ್ಣುಮಗುವಾದರೆ ಮುಂದೆ ಮದುವೆಯ ಮಾತಿನಲ್ಲಿಯೂ ಆ ಹೆಸರು ಬೆನ್ನು ಬಿಡದು. ಅಪಸ್ಮಾರವೂ ಔಷಧಕ್ಕೆ ಬಗ್ಗುವ ರೋಗವೇ, ನಾಚಿಕೆಯ ಮಾತಲ್ಲ. ಆದರೆ ಕೆಲವು ವಾರಗಳಲ್ಲಿ ಕಳೆದುಹೋಗುವ ಒಂದು ಬಾಧೆಗಾಗಿ ಜೀವಮಾನದ ಹೆಸರು ಏಕೆ?

ಮೂರನೆಯದು 'ಕ್ಷಯ'. ನಮ್ಮ ದೇಶದಲ್ಲಿ ಮಕ್ಕಳ ಕೊರಳಿನ ಗಂಟೆಂದರೆ ಮೊದಲು ಕ್ಷಯವನ್ನು ಸಂಶಯಿಸುತ್ತಾರೆ. ಅದು ನ್ಯಾಯವೇ, ಅದು ಇಲ್ಲಿ ಹೆಚ್ಚು. ಆದರೆ ಪರೀಕ್ಷೆಯಿಲ್ಲದೆ ಊಹೆಯ ಮೇಲೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸುವ ಮುನ್ನ ಮನೆಯಲ್ಲಿ ಬೆಕ್ಕಿನ ಮರಿಯಿದೆಯೆಂಬ ಸಂಗತಿ ವೈದ್ಯರಿಗೆ ತಿಳಿದಿರಬೇಡವೆ?

ನಾಲ್ಕನೆಯದು 'ರೇಬಿಸ್'. ಇದೇ ಎಲ್ಲಕ್ಕಿಂತ ಕರುಣಾಜನಕವಾದ ತಪ್ಪು. ಬೆಕ್ಕು ಪರಚಿದ ಮಗು ಒಂದು ತಿಂಗಳ ಮೇಲೆ ಹುಚ್ಚು ಹಿಡಿದಂತೆ ಹೋರಾಡಿದರೆ, ತಿಳಿದವರೂ 'ಇನ್ನೇನು ಮಾಡಲು ಸಾಧ್ಯ, ಮನೆಗೆ ಕರೆದುಕೊಂಡು ಹೋಗಿ' ಎಂದಾರು. ರೇಬಿಸ್ ಆದರೆ ಆ ಮಾತು ನಿಜವೂ ಆದೀತು. ಬೆಕ್ಕು ಪರಚಿದ ರೋಗವಾದರೆ, ಬದುಕುವ ಮಗುವನ್ನು ಸಾಯಲೆಂದು ಮನೆಗೆ ತಂದಂತೆ. ಎರಡನ್ನೂ ಬೇರ್ಪಡಿಸುವುದು ವೈದ್ಯರ ಕೆಲಸ. ಮನೆಯವರು ತಾವಾಗಿ ಆಸೆ ಬಿಡಬಾರದು. ಈ ಗಳಿಗೆಯಲ್ಲಿ ಆ ಲಸಿಕೆಯ ಚೀಟಿ ಬೆಲೆಬಾಳುತ್ತದೆ. ಸಕಾಲಕ್ಕೆ ಪೂರ್ಣ ಲಸಿಕೆ ಆಗಿದೆಯೆಂದು ತೋರಿಸಿದರೆ ವೈದ್ಯರ ವಿಚಾರಕ್ಕೆ ಬೇರೆ ದಾರಿ ತೆರೆಯುತ್ತದೆ.

ಕಣ್ಣಿನ ನಕ್ಷತ್ರ

ಕಣ್ಣಿನ ಬಾಧೆಯನ್ನು ಕುರಿತು ಒಂದು ಮಾತು. ಶಾಲೆಗೆ ಹೋಗುವ ಮಗು ಒಂದು ದಿನ ಒಂದು ಕಣ್ಣು ಮಂಜೆನ್ನುತ್ತದೆ, ನೋವಿಲ್ಲ, ಕೆಂಪಿಲ್ಲ. ಕನ್ನಡಕ ಬೇಕೇನೋ ಎಂದು ಹಿರಿಯರು ಮುಂದಿನ ತಿಂಗಳಿಗೆ ಮುಂದೂಡುತ್ತಾರೆ. ನೇತ್ರವೈದ್ಯರು ದೀಪ ಹಿಡಿದು ಒಳಗೆ ನೋಡಿದರೆ ದೃಷ್ಟಿನರ ಊದಿಕೊಂಡಿರುತ್ತದೆ. ಕೆಲವು ದಿನಗಳ ತರುವಾಯ ಅಕ್ಷಿಪಟಲದ ನಡುವೆ ನಕ್ಷತ್ರದಂಥ ಬಿಳಿಯ ಗುರುತು ಮೂಡುತ್ತದೆ. ಹಾಗೆ ಕಂಡಾಗ ನೇತ್ರವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಮನೆಯ ಬೆಕ್ಕಿನದೂ ಒಂದು. ಬಹುಪಾಲು ಮಕ್ಕಳಿಗೆ ದೃಷ್ಟಿ ಮರಳುತ್ತದೆ. ಆದರೂ ಒಂದು ಕಣ್ಣು ಹಠಾತ್ತನೆ ಮಂಜಾದುದನ್ನು ಮುಂದಿನ ತಿಂಗಳಿಗೆ ಇಡಬಾರದು.

ಮನೆಯಲ್ಲಿ, ದಾರಿಯಲ್ಲಿ, ಆಸ್ಪತ್ರೆಯಲ್ಲಿ

ಮಗುವಿಗೆ ಸೆಳೆತ ಬಂದಾಗ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಕೊರಳಿನ ಗುಂಡಿ ಸಡಿಲಿಸಿ. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾವುದೂ ಬೇಡ. ಪೂರ್ಣ ಎಚ್ಚರವಾಗುವವರೆಗೆ ನೀರನ್ನೂ ಕುಡಿಸಬೇಡಿ. ಗಡಿಯಾರ ನೋಡಿ. ಮೊದಲ ಬಾರಿಯ ಸೆಳೆತವಾದರೆ ನಿಂತ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ಐದು ನಿಮಿಷದಲ್ಲಿ ನಿಲ್ಲದಿದ್ದರೆ 108ಕ್ಕೆ ಕರೆಮಾಡಿ ಹತ್ತಿರದ ಆಸ್ಪತ್ರೆಗೇ ಮೊದಲು ಒಯ್ಯಬೇಕು. ದೊಡ್ಡ ಆಸ್ಪತ್ರೆಗೇ ಹೋಗೋಣವೆಂದು ಹನೂರಿನ ಕಾಡಂಚಿನ ಊರಿನಿಂದ ನೇರವಾಗಿ ಮೈಸೂರಿಗೆ ಹೊರಡುವುದು ಜಾಣತನವಲ್ಲ. ಸೆಳೆತ ನಿಲ್ಲಿಸುವ ಔಷಧ ಸಮೀಪದಲ್ಲಿಯೇ ಸಿಕ್ಕಬೇಕು. ಅದಾದ ಮೇಲೆ ಚಾಮರಾಜನಗರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೋ, ಮೈಸೂರಿನ ಚೆಲುವಾಂಬ ಆಸ್ಪತ್ರೆಯೋ, ಬೆಂಗಳೂರಿನ ನಿಮ್ಹಾನ್ಸೋ ಎಂಬುದನ್ನು ವೈದ್ಯರು ಹೇಳುತ್ತಾರೆ.

ಅಲ್ಲಿ ವೈದ್ಯರ ಮುಂದೆ ಮನೆಯವರು ಮರೆಯದೆ ಹೇಳಬೇಕಾದುದು ಮೂರು ಮಾತು: ಬೆಕ್ಕು ಯಾವಾಗ, ಎಲ್ಲಿ ಪರಚಿತು, ರೇಬಿಸ್ ಲಸಿಕೆ ಯಾವ ಯಾವ ದಿನ ಆಯಿತು, ಮೈಯಲ್ಲಿ ಎಲ್ಲಾದರೂ ಗಂಟು ಇದೆಯೆ. ಈ ರೋಗವನ್ನು ಹಿಡಿಯುವ ವಿಶೇಷ ರಕ್ತಪರೀಕ್ಷೆ ಉಂಟು. ಆದರೆ ಅದು ಎಲ್ಲ ಜ್ವರಕ್ಕೂ ಮಾಡುವ ಪರೀಕ್ಷೆಯಲ್ಲ, ವೈದ್ಯರು ಸಂಶಯಪಟ್ಟು ಕೇಳಿದರೆ ಮಾತ್ರ ಆಗುವಂಥದು. ಸಂಶಯವೇ ಹುಟ್ಟದಿದ್ದರೆ ಅದನ್ನು ಯಾರು ಕೇಳುತ್ತಾರೆ? ಆ ಸಂಶಯವನ್ನು ಹುಟ್ಟಿಸುವ ಶಕ್ತಿ ಯಂತ್ರಕ್ಕಿಲ್ಲ. ಗೀರನ್ನು ತೊಳೆದ ತಾಯಿಗೆ ಇದೆ, ಅರಿಸಿನ ಹಚ್ಚಿದ ಅಜ್ಜಿಗೆ ಇದೆ.

ಬೆಕ್ಕಿಗೆ ಶಿಕ್ಷೆಯೆ?

ಇಷ್ಟು ಓದಿದವರು ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಡಲು ಹೊರಟರೆ ನಮಗೆ ಸಂತೋಷವಿಲ್ಲ. ಅಪರಾಧಿ ಚಿಗಟ. ಪಶುವೈದ್ಯರನ್ನು ಕೇಳಿ ಬೆಕ್ಕಿಗೆ ತಕ್ಕ ಚಿಗಟದ ಔಷಧ ಹಾಕಿಸಿ, ಅದರೊಡನೆ ರೇಬಿಸ್ ಲಸಿಕೆಯನ್ನೂ ಹಾಕಿಸಿ. ನಾಯಿಗೆಂದು ಮಾರುವ ಕೆಲವು ಚಿಗಟದ ಔಷಧಗಳು ಬೆಕ್ಕಿನ ಪ್ರಾಣಕ್ಕೇ ಎರವಾಗುತ್ತವೆ, ನೆನಪಿರಲಿ. ಹುಳುಮನೆಯ ಬಳಿ ಕೀಟನಾಶಕ ಸಿಂಪಡಿಸಿದರೆ ಚಿಗಟದ ಜೊತೆಗೆ ರೇಷ್ಮೆಹುಳುವೂ ಸತ್ತು, ಇಲಿಯಿಂದ ಆಗದ ನಷ್ಟ ನಮ್ಮ ಕೈಯಿಂದಲೇ ಆದೀತು. ಬೆಕ್ಕು ಮಲಗುವ ಚೀಲ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದೇ ಅಲ್ಲಿ ಕ್ಷೇಮ. ಮರಿಯನ್ನು ಕೆಣಕಿ ಆಡಬಾರದೆಂದೂ, ಗಾಯದ ಮೇಲೆ ಅದಕ್ಕೆ ನೆಕ್ಕಗೊಡಬಾರದೆಂದೂ, ಆಡಿದ ಮೇಲೆ ಕೈ ತೊಳೆಯಬೇಕೆಂದೂ ಮಕ್ಕಳಿಗೆ ಕಲಿಸಿ. ಪರಚಿದರೆ ಬಂದು ಹೇಳುವಂತೆಯೂ ಕಲಿಸಿ. ಹೇಳಿದ ಮಗುವಿಗೆ ಪೆಟ್ಟು ಬಿದ್ದರೆ ಮುಂದಿನ ಬಾರಿ ಅದು ಹೇಳುವುದಿಲ್ಲ.

ಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದೇ ಇರುತ್ತದೆ. ಹಾಲಿನ ಲೆಕ್ಕ, ಹುಳುವಿಗೆ ಜ್ವರ ಹಿಡಿದ ದಿನ, ಗೂಡು ಬಿಡಿಸುವ ದಿನ, ಎಲ್ಲವನ್ನೂ ಅದರ ಮೇಲೆ ಗುರುತು ಹಾಕುತ್ತೇವೆ. ಬೆಕ್ಕು ಪರಚಿದ ದಿನವನ್ನೂ ಅಲ್ಲಿ ಬರೆದಿಡಿ. ಎರಡು ತಿಂಗಳು ಏನೂ ಆಗದಿದ್ದರೆ, ಬಹುಶಃ ಆಗುವುದೂ ಇಲ್ಲ, ಒಂದು ಸಾಲು ಬರೆದ ಶ್ರಮವಷ್ಟೇ ಹೋಯಿತು. ಆದರೆ, ಆ ಮಗು ನಮ್ಮ ಮನೆಯದೇ ಆಗಲಿ ನೆರೆಮನೆಯದೇ ಆಗಲಿ, ನಡುರಾತ್ರಿ ಆಸ್ಪತ್ರೆಯಲ್ಲಿ ವೈದ್ಯರು 'ಇತ್ತೀಚೆಗೆ ಏನಾದರೂ ವಿಶೇಷ ನಡೆದಿತ್ತೆ?' ಎಂದು ಕೇಳಿದಾಗ, ಉತ್ತರ ಹೇಳಲು ಆ ಒಂದು ಸಾಲು ಸಾಕು.